ಎಕ್ಕದ ಎಲೆಯ ಅಡಿಯಲ್ಲಿ

ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಒಂದು ಖಾಲಿ ಸೈಟಿದೆ. ಒಡೆದ ಇಟ್ಟಿಗೆ, ಮಳೆಗೆ ನೆನೆದು ಕಲ್ಲಾದ ಒಂದು ಸಿಮೆಂಟು ಮೂಟೆ, ಹಳೇ ಟೈರು. ಇವುಗಳ ನಡುವೆ ಒಂದು ಎಕ್ಕದ ಗಿಡ. ಮಾರ್ಚ್ ತಿಂಗಳಲ್ಲಿ ಸುತ್ತಲಿನ ಹುಲ್ಲೆಲ್ಲ ಒಣಗಿ ತರಗಾದಾಗಲೂ ಅದು ಮಾತ್ರ ಹಸಿರಾಗಿ ನಿಂತಿರುತ್ತದೆ. ಹೋಗಿಬರುವವರು ಯಾರೂ ಅದರ ಕಡೆ ತಿರುಗಿ ನೋಡುವುದಿಲ್ಲ. ಗಣೇಶನ ಹಬ್ಬದ ಹಿಂದಿನ ಸಂಜೆ ಯಾರಾದರೂ ಬಂದು ಒಂದು ಬೊಗಸೆ ಹೂ ಕಿತ್ತುಕೊಂಡು ಹೋಗುತ್ತಾರೆ. ರಥಸಪ್ತಮಿಯ ಮುನ್ನಾದಿನ ತಲೆಗೊಂದು, ಭುಜಕ್ಕೆರಡು ಎಂದು ಲೆಕ್ಕ ಹಾಕಿ ಏಳು ಎಲೆ ಕೊಯ್ಯುತ್ತಾರೆ. ಮರುದಿನದಿಂದ ಅದು ಮತ್ತೆ ಬರೀ ಕಳೆ.

ಮಕ್ಕಳೇ, ನಾನು ಆ ಗಿಡವನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಬಸ್ಸಿಗೆ ಹೊತ್ತಿದ್ದರೆ ಐದು ನಿಮಿಷ, ಭಾನುವಾರವಾದರೆ ಅರ್ಧ ಗಂಟೆ. ಅದನ್ನು ಕಳೆ ಎನ್ನಲು ಈಗ ನನಗೆ ಬಾಯೇ ಬರುವುದಿಲ್ಲ. ಅದೊಂದು ವಠಾರ. ಅಲ್ಲಿ ಊಟಕ್ಕೆ ಬರುವವರಿದ್ದಾರೆ, ಕಾಯಂ ವಾಸದವರಿದ್ದಾರೆ, ಮರಿ ಮಾಡಿ ಬಿಟ್ಟು ಹೋಗುವವರಿದ್ದಾರೆ, ಬೇಟೆಗೆಂದೇ ಕಾದು ಕುಳಿತವರೂ ಇದ್ದಾರೆ. ಅವರನ್ನೆಲ್ಲ ನಿಮಗೆ ತೋರಿಸಬೇಕು. ಅದಕ್ಕೆ ಮೊದಲು ವಠಾರದ ವಿಳಾಸ ಗೊತ್ತಿರಬೇಕಲ್ಲ? ಎಕ್ಕವನ್ನು ಗುರುತು ಹಿಡಿಯುವುದರಿಂದ ಶುರು ಮಾಡೋಣ.

ದೂರದಿಂದ ನೋಡಿದರೆ ಎಕ್ಕದ ಹಸಿರು ಉಳಿದ ಗಿಡಗಳ ಹಸಿರಿನಂತಿರುವುದಿಲ್ಲ. ಯಾರೋ ಮೇಲೆ ಸುಣ್ಣದ ಪುಡಿ ಉದುರಿಸಿದಂತೆ ಮಾಸಲು ಬಿಳಿ ಬೆರೆತ ಹಸಿರು. ಹತ್ತಿರ ಹೋಗಿ ಒಂದು ಎಲೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಎಳೆಯಿರಿ. ಬೆರಳು ಹೋದ ಕಡೆ ಬಿಳಿ ಅಳಿಸಿ ಕಡು ಹಸಿರಿನ ಗೆರೆ ಮೂಡುತ್ತದೆ. ಅಳಿಸಿದ್ದು ಮೇಣ. ಎಕ್ಕ ತನ್ನ ಮೈಗೆಲ್ಲ ತೆಳುವಾಗಿ ಮೇಣ ಬಳಿದುಕೊಂಡಿರುತ್ತದೆ. ಒಳಗಿನ ನೀರು ಆವಿಯಾಗಿ ಹೋಗದಂತೆ ಅದು ತಡೆಯುತ್ತದೆ, ಸುಡುಬಿಸಿಲಿನ ಒಂದಷ್ಟು ಪಾಲನ್ನು ಬಂದ ದಾರಿಗೇ ಹಿಂದಕ್ಕೆ ಕಳಿಸುತ್ತದೆ. ಆಳಕ್ಕಿಳಿಯುವ ತಾಯಿಬೇರು ಬೇರೆ ಇದೆ. ಮಾರ್ಚಿನಲ್ಲೂ ಅದು ಹಸಿರಾಗಿರುವ ಗುಟ್ಟು ಇವೆರಡು.

ಈಗ ಎಲೆ ಜೋಡಿಸಿರುವ ರೀತಿ ನೋಡಿ. ಎಲೆಗೆ ತೊಟ್ಟು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ಬುಡ ಕಾಂಡವನ್ನೇ ಅಪ್ಪಿಕೊಂಡಂತಿರುತ್ತದೆ. ಒಂದೊಂದು ಗಿಣ್ಣಿನಲ್ಲೂ ಎರಡೆರಡು ಎಲೆ, ಎದುರುಬದುರಾಗಿ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಚಾಚಿದ್ದರೆ ಅದರ ಮೇಲಿನ ಜೋಡಿ ಉತ್ತರ ದಕ್ಷಿಣಕ್ಕೆ. ತುದಿಯ ಮೇಲಿನಿಂದ ಬಗ್ಗಿ ನೋಡಿದರೆ ಗಣಿತದ ಕೂಡುವ ಚಿಹ್ನೆ ಕಾಣುತ್ತದೆ. ಹೀಗಿದ್ದರೆ ಮೇಲಿನ ಎಲೆ ತನ್ನ ಕೆಳಗಿನದಕ್ಕೆ ಅಷ್ಟಾಗಿ ಅಡ್ಡ ಬರುವುದಿಲ್ಲ, ಇಬ್ಬರಿಗೂ ಬಿಸಿಲು ಸಿಗುತ್ತದೆ. ಈ ಅಡ್ಡಡ್ಡ ಜೋಡಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಮೂರನೆಯ ಗುರುತು ಹಾಲು. ಎಲೆ ಕಿತ್ತರೆ, ಕಾಂಡ ಗೀರಿದರೆ, ಹೂವಿನ ತೊಟ್ಟು ಮುರಿದರೆ ಬಿಳಿ ಹಾಲು ತೊಟ್ಟಿಕ್ಕುತ್ತದೆ. ಇಲ್ಲಿ ಒಂದು ಮಾತನ್ನು ನಾನು ಗಟ್ಟಿಯಾಗಿಯೇ ಹೇಳಬೇಕು. ಆ ಹಾಲು ಕಣ್ಣಿಗೆ ಬೀಳಬಾರದು. ಬಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಏಟಾಗಿ ದೃಷ್ಟಿ ಮಂಜಾಗುತ್ತದೆ. ಎಷ್ಟೋ ಸಲ ಅಂಥ ನೋವೂ ಇರುವುದಿಲ್ಲ. ನೋವಿಲ್ಲವೆಂದು ಸುಮ್ಮನಿದ್ದುಬಿಟ್ಟರೆ ಅದೇ ಅಪಾಯ. ಗಿಡ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಬೇಡಿ. ಮನೆಗೆ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯಿರಿ. ಅಕಸ್ಮಾತ್ ಕಣ್ಣಿಗೆ ಹಾರಿದರೆ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆದು ಆವತ್ತೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಕಾಲಿಗೆ ಮುಳ್ಳು ಚುಚ್ಚಿ ಮುರಿದರೆ ಎಕ್ಕದ ಹಾಲು ಬಿಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ನಮ್ಮಜ್ಜಿಯೂ ಬಿಡುತ್ತಿದ್ದರು. ನೀವು ಮಾತ್ರ ಆ ಪ್ರಯೋಗಕ್ಕೆ ಹೋಗಬೇಡಿ.

ಹೂವು ನೋಡಿದ ಮೇಲಂತೂ ಅನುಮಾನವೇ ಉಳಿಯುವುದಿಲ್ಲ. ತಿಳಿ ನೇರಳೆ ಇಲ್ಲವೇ ಬಿಳಿ. ಐದು ದಪ್ಪ ದಳಗಳು ನಕ್ಷತ್ರದ ಹಾಗೆ ಅಗಲವಾಗಿ ಹರಡಿ ಸ್ವಲ್ಪ ಹಿಂದಕ್ಕೆ ಬಾಗಿರುತ್ತವೆ. ನಡುವೆ ಪುಟ್ಟ ಕಿರೀಟ. ಮೊಗ್ಗನ್ನು ಎರಡು ಬೆರಳ ನಡುವೆ ಅಮುಕಿ ಟಪ್ ಎನ್ನಿಸುವ ಆಟವನ್ನು ನಾವೆಲ್ಲ ಆಡಿದವರೇ. ಒಣ ಸೀಮೆಯ ಕಡೆ ಹೋದರೆ ಇದರ ಒಬ್ಬ ತಮ್ಮನೂ ಸಿಗುತ್ತಾನೆ. ಅವನ ಹೂವಿನ ದಳಗಳು ಹರಡದೆ ಬಟ್ಟಲಿನಂತೆ ಮೇಲಕ್ಕೆ ನಿಂತಿರುತ್ತವೆ, ತುದಿಗೆ ಕಡು ನೇರಳೆ ಬಣ್ಣ, ಜೊತೆಗೆ ಪರಿಮಳ. ಪುಸ್ತಕದಲ್ಲಿ ಅಣ್ಣನ ಹೆಸರು ಕ್ಯಾಲೊಟ್ರೋಪಿಸ್ ಜೈಗ್ಯಾಂಟಿಯ, ತಮ್ಮನದು ಕ್ಯಾಲೊಟ್ರೋಪಿಸ್ ಪ್ರೊಸೆರ. ಕಣಗಿಲೆ, ನಂದಬಟ್ಟಲು, ನಿತ್ಯಪುಷ್ಪಗಳೆಲ್ಲ ಇವರ ಬಳಗದವೇ.

ಈಗ ಆ ಕಿರೀಟದ ಹತ್ತಿರ ಹೋಗೋಣ. ಉದುರಿ ಬಿದ್ದ ತಾಜಾ ಹೂವೊಂದನ್ನು ಎತ್ತಿಕೊಂಡು ಭೂತಗನ್ನಡಿ ಹಿಡಿಯಿರಿ. ಕಿರೀಟಕ್ಕೆ ಐದು ಕಂಬಗಳು, ನಡುವೆ ಐದು ಮೂಲೆಯ ಚಪ್ಪಟೆ ಮಂಟಪ. ಮಂಟಪದ ಒಂದೊಂದು ಮೂಲೆಯಲ್ಲೂ ಸಾಸಿವೆಗಿಂತ ಚಿಕ್ಕದಾದ ಕಂದುಗಪ್ಪು ಚುಕ್ಕೆ, ಅದರ ಕೆಳಗೆ ಕೂದಲಗಲದ ಸೀಳು. ಆ ಸೀಳಿಗೆ ಕೆಳಗಿನಿಂದ ಗುಂಡುಸೂಜಿಯ ತುದಿ ಇಟ್ಟು ನಿಧಾನಕ್ಕೆ ಮೇಲಕ್ಕೆ ಎಳೆಯಿರಿ. ಮೊದಲ ಸಲ ಬರದಿದ್ದರೆ ಇನ್ನೊಂದು ಮೂಲೆ ನೋಡಿ. ಸರಿಯಾಗಿ ಬಂದರೆ ಕಪ್ಪು ಚುಕ್ಕೆ ಸೂಜಿಗೆ ಕಚ್ಚಿಕೊಂಡು ಹೊರಗೆ ಬರುತ್ತದೆ. ಅದರ ಎರಡೂ ಕಡೆ ಸಣ್ಣ ತೋಳುಗಳಿಂದ ಎರಡು ಹಳದಿ ಚೀಲ ನೇತಾಡುತ್ತಿರುತ್ತವೆ. ಥೇಟು ತಕ್ಕಡಿ! ನಾನು ಮೊದಲ ಸಲ ಇದನ್ನು ಹೊರತೆಗೆದಾಗ ಉಸಿರು ಬಿಗಿಹಿಡಿದು ಕುಳಿತಿದ್ದೆ.

ಆ ಚೀಲಗಳಲ್ಲಿರುವುದು ಪರಾಗ. ದಾಸವಾಳದಲ್ಲಾದರೆ ಪರಾಗ ಹಳದಿ ಪುಡಿ. ಮೂಗು ತಾಗಿಸಿದರೆ ಮೂಗಿಗೆ ಮೆತ್ತಿಕೊಳ್ಳುತ್ತದೆ. ಎಕ್ಕ ಪುಡಿ ಚೆಲ್ಲುವುದಿಲ್ಲ. ಒಂದು ಚೀಲದ ಪರಾಗವನ್ನೆಲ್ಲ ಒಟ್ಟಿಗೆ ಅಂಟಿಸಿ ಗಂಟು ಕಟ್ಟಿ ಇಟ್ಟಿರುತ್ತದೆ. ಕಪ್ಪು ಚುಕ್ಕೆ ಎಂದೆವಲ್ಲ, ಅದು ಒಂದು ಚಿಮಟ. ದುಂಬಿ ಮಕರಂದಕ್ಕೆಂದು ಕಿರೀಟದ ಮೇಲೆ ಕುಳಿತಾಗ ಅದರ ಕಾಲೋ ನಾಲಗೆಯ ಬುಡವೋ ಜಾರಿ ಸೀಳಿನೊಳಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಮೇಲಕ್ಕೆ ಜಗ್ಗಿದರೆ ಚಿಮಟ ಹಿಡಿದುಕೊಂಡಿತು! ದುಂಬಿ ಹಾರುವಾಗ ತಕ್ಕಡಿಯೂ ಜೊತೆಗೆ ಹಾರುತ್ತದೆ. ಇನ್ನೊಂದು ಹೂವಿನಲ್ಲಿ ಅದೇ ಕಾಲು ಮತ್ತೆ ಜಾರಿದಾಗ ತೂಗುತ್ತಿದ್ದ ಒಂದು ಚೀಲ ಅಲ್ಲಿನ ಸೀಳಿನಲ್ಲಿ ಸಿಕ್ಕಿ ಕಳಚಿಕೊಳ್ಳುತ್ತದೆ. ಕಾಯಿ ಕಟ್ಟುವ ಕೆಲಸ ಶುರುವಾಗುವುದು ಆಗ.

ಜಗ್ಗುವುದಕ್ಕೆ ಬಲ ಬೇಕು. ಬಲವಿಲ್ಲದ ಪುಟ್ಟ ಕೀಟಗಳು ಇಂಥ ಹೂಗಳಲ್ಲಿ ಕಾಲು ಸಿಕ್ಕಿಸಿಕೊಂಡು ಒದ್ದಾಡುವುದುಂಟು. ಅದಕ್ಕೇ ಎಕ್ಕದ ಮುಖ್ಯ ಅತಿಥಿ ಒಬ್ಬ ಪೈಲ್ವಾನ. ಮೈಯೆಲ್ಲ ಮಿರಿಮಿರಿ ಕಪ್ಪು, ರೆಕ್ಕೆಯಲ್ಲಿ ನೀಲಿ ನೇರಳೆ ಹೊಳಪು, ಹೆಬ್ಬೆರಳ ತುದಿಯಷ್ಟು ಗಾತ್ರ, ಬರುವಾಗ ಗುಂಯ್ ಎಂದು ಬೈಕು ಬಂದಂಥ ಸದ್ದು. ಅದು ಬಡಗಿ ದುಂಬಿ. ಒಣಮರದಲ್ಲಿ, ಬಿದಿರಿನಲ್ಲಿ, ಹಳೇ ಮನೆಯ ತೊಲೆಯಲ್ಲಿ ಗುಂಡಗೆ ತೂತು ಕೊರೆದು ಒಳಗೆ ಮರಿ ಮಾಡುತ್ತದೆ. ಆ ಹೆಸರು ಬಂದದ್ದು ಹಾಗೆ. ನೋಡಿದರೆ ಹೆದರಿಕೆಯಾಗುತ್ತದೆ, ನಿಜ. ಆದರೆ ನಾವಾಗಿ ಹಿಡಿದು ಹಿಸುಕದಿದ್ದರೆ ಅದು ನಮ್ಮ ಗೊಡವೆಗೆ ಬರುವುದಿಲ್ಲ. ಬೆಳಿಗ್ಗೆ ಏಳೂವರೆ ಎಂಟರ ಹೊತ್ತಿಗೆ ನಮ್ಮ ಸೈಟಿನ ಗಿಡಕ್ಕೆ ಎರಡು ಮೂರು ಬಂದೇ ಬರುತ್ತವೆ. ಕುಳಿತ ಹೂಗೊಂಚಲು ಅದರ ಭಾರಕ್ಕೆ ಒಮ್ಮೆ ತೊನೆಯುತ್ತದೆ.

ಇಷ್ಟೆಲ್ಲ ಏರ್ಪಾಡಿದ್ದರೂ ಹೆಚ್ಚಿನ ಹೂಗಳು ಕಾಯಿಯಾಗದೆ ಉದುರುತ್ತವೆ. ಗೊಂಚಲಿಗೆ ಒಂದೋ ಎರಡೋ ಕಾಯಿ ಸಿಕ್ಕಿದರೆ ಹೆಚ್ಚು. ಎಕ್ಕಕ್ಕೆ ಅದರಿಂದ ನಷ್ಟವೇನಿಲ್ಲ ಅನ್ನಿ. ಒಂದು ಕಾಯಿಯಲ್ಲೇ ನೂರಾರು ಬೀಜ.

ರಾಬರ್ಟ್ ಬ್ರೌನ್ ಎಂಬ ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿಗೆ ಈ ಚಿಮಟ, ಚೀಲಗಳ ಹೂಗಳೆಂದರೆ ಪ್ರಾಣ. ಕ್ಯಾಲೊಟ್ರೋಪಿಸ್ ಎಂಬ ಹೆಸರನ್ನು ಕೊಟ್ಟವನೇ ಅವನು. ಎಕ್ಕದ ಬಳಗದ ಹೂಗಳನ್ನೂ ಸೀತಾಳೆ ಹೂಗಳನ್ನೂ ಸೂಕ್ಷ್ಮದರ್ಶಕದಡಿ ಇಟ್ಟು, ಪರಾಗ ಹೇಗೆ ಕೆಲಸ ಮಾಡುತ್ತದೆಂದು ನೋಡುತ್ತಾ ಕುಳಿತಿದ್ದ. ಆ ಕೆಲಸದ ನಡುವೆ ಗಿಡದ ಒಂದೊಂದು ಜೀವಕೋಶದೊಳಗೂ ಒಂದು ದುಂಡನೆಯ ಚುಕ್ಕೆ ಅವನ ಕಣ್ಣಿಗೆ ಬಿತ್ತು. 1831ರಲ್ಲಿ ಅದಕ್ಕೆ ನ್ಯೂಕ್ಲಿಯಸ್ ಎಂದು ಹೆಸರಿಟ್ಟ. ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಕೋಶಕೇಂದ್ರ ಎಂದು ಬರುತ್ತದಲ್ಲ, ಅದೇ. ಹೂವೊಂದನ್ನು ತಾಳ್ಮೆಯಿಂದ ನೋಡುತ್ತಾ ಕುಳಿತವನಿಗೆ ಸಿಕ್ಕಿದ ಬಹುಮಾನ ಅದು ಎಂದೇ ನಾನು ತಿಳಿದಿದ್ದೇನೆ.

ಹೂವಿನ ಅತಿಥಿಗಳದ್ದಾಯಿತು. ಈಗ ಮನೆಯೊಳಗಿನವರನ್ನು ನೋಡೋಣ. ಅವರು ಸಿಗುವುದು ಎಲೆಯ ಅಡಿಯಲ್ಲಿ.

ಎಲೆಯನ್ನು ಕೀಳದೆ, ತುದಿ ಹಿಡಿದು ಸ್ವಲ್ಪವೇ ಮೇಲಕ್ಕೆತ್ತಿ. ಎಳೆಯ ಎಲೆಗಳ ಅಡಿ ಮೆತ್ತನೆ ಬಿಳಿ ನವಿರು ಇರುತ್ತದೆ. ಅದರ ನಡುವೆ, ಅದೃಷ್ಟವಿದ್ದರೆ, ಬೆಳ್ಳಿಯ ಬಣ್ಣದ ಒಂದೇ ಒಂದು ಚುಕ್ಕೆ ಕಾಣಬಹುದು. ಒಂದು ಮಿಲಿಮೀಟರಿಗಿಂತ ತುಸು ಎತ್ತರ. ಭೂತಗನ್ನಡಿಯಲ್ಲಿ ನೋಡಿದರೆ ಮೈಮೇಲೆ ಉದ್ದುದ್ದ ಗೆರೆ ಕೊರೆದ ಪುಟ್ಟ ಗೋಪುರ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮೊಟ್ಟೆ. ತಾಯಿ ಚಿಟ್ಟೆ ಎಲೆಯಿಂದ ಎಲೆಗೆ ಹಾರುತ್ತಾ ಒಂದು ಕಡೆ ಒಂದೇ ಮೊಟ್ಟೆ ಅಂಟಿಸುತ್ತದೆ. ಹತ್ತು ಮರಿಗಳನ್ನು ಒಂದೇ ತಟ್ಟೆಗೆ ಕೂರಿಸಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲವಲ್ಲ.

ಮೂರು ನಾಲ್ಕು ದಿನಕ್ಕೆ ಮರಿಹುಳು ಹೊರಗೆ ಬರುತ್ತದೆ. ಮೊದಲ ಊಟ ತನ್ನದೇ ಮೊಟ್ಟೆಯ ಚಿಪ್ಪು. ಎರಡನೆಯ ಊಟಕ್ಕೆ ಎಲೆ, ಆಗಲೇ ಕಷ್ಟ ಎದುರಾಗುವುದು. ಎಲೆಯ ನರನರದಲ್ಲೂ ಹಾಲಿದೆ. ಕಚ್ಚಿದರೆ ಚಿಮ್ಮುತ್ತದೆ, ಗಾಳಿಗೆ ಅಂಟಾಗುತ್ತದೆ. ಎಳೆಯ ಹುಳುವಿನ ಬಾಯಿ ಮೆತ್ತಿಹೋಗಬಹುದು, ಹುಳುವೇ ಹಾಲಿನ ಹನಿಯಲ್ಲಿ ಸಿಕ್ಕಿ ಸಾಯಬಹುದು. ಗಿಡದ ಕಾವಲು ಅಷ್ಟು ಬಿಗಿ.

ಹುಳು ಏನು ಮಾಡುತ್ತದೆ ಗೊತ್ತೇ? ಒಂದು ಬೆಳಿಗ್ಗೆ ಪೂರ್ತಿ ನಲವತ್ತು ನಿಮಿಷ ನಿಂತು ನೋಡಿದೆ. ಒಂದೂವರೆ ಇಂಚಿನ ಬಲಿತ ಹುಳು ಎಲೆಯ ತಿನ್ನುವ ಭಾಗವನ್ನು ಬಿಟ್ಟು ತೊಟ್ಟಿನ ಕಡೆಗೆ ನಡೆದು ಬಂತು. ನಡುನರದ ಬುಡದಲ್ಲಿ ನಿಂತು ಕಚ್ಚಿತು. ಹಾಲು ಬಂತು. ತಲೆ ಹಿಂದಕ್ಕೆ ತೆಗೆದು ಬಾಯನ್ನು ಎಲೆಗೆ ಒರೆಸಿತು. ಮತ್ತೆ ಕಚ್ಚಿತು, ಮತ್ತೆ ಒರೆಸಿತು. ಹೀಗೆ ಎಷ್ಟು ಸಲವೋ. ಕೊನೆಗೆ ನರ ಅರ್ಧಕ್ಕರ್ಧ ತುಂಡಾಗಿ ಎಲೆ ಜೋತುಬಿತ್ತು. ಗದ್ದೆಗೆ ನೀರು ಬರದಂತೆ ಮೇಲಿನ ತೂಬು ಮುಚ್ಚುತ್ತೇವಲ್ಲ, ಅಂಥದೇ ಕೆಲಸ. ತುಂಡಾದ ಜಾಗದಿಂದ ಆಚೆಗೆ ಹಾಲಿನ ಒತ್ತಡವಿಲ್ಲ. ಹುಳು ಆಮೇಲೆ ಎಲೆಯ ತುದಿಯ ಕಡೆ ಹೋಗಿ ನಿಶ್ಚಿಂತೆಯಿಂದ ಮೇಯತೊಡಗಿತು. ಇನ್ನೂ ಚಿಕ್ಕ ಹುಳುವಾದರೆ ನಡುನರಕ್ಕೆ ಕೈಹಾಕುವುದಿಲ್ಲ. ತನ್ನ ಸುತ್ತ ಉಂಗುರದಂತೆ ಸಣ್ಣ ಕಾಲುವೆ ಕೊರೆದು, ಒಳಗಿನ ದುಂಡು ತುಣುಕನ್ನಷ್ಟೇ ತಿನ್ನುತ್ತದೆ. ಎಕ್ಕದ ಎಲೆಯಲ್ಲಿ ನಾಣ್ಯದಂಥ ದುಂಡನೆ ತೂತು ಕಂಡರೆ ಅದರ ಹಿಂದೆ ಈ ಕಥೆ ಇರಬಹುದು.

ಈ ಹುಳು ಬಚ್ಚಿಟ್ಟುಕೊಳ್ಳುವ ಜಾತಿಯಲ್ಲ. ಕಪ್ಪು, ಬಿಳಿ, ಹಳದಿ ಪಟ್ಟೆಯ ಅಂಗಿ. ಬೆನ್ನ ಮೇಲೆ ಮೂರು ಜೊತೆ ಕರಿ ಮೀಸೆಗಳು, ನಡೆದರೆ ಅಲ್ಲಾಡುತ್ತವೆ. ಹತ್ತು ಅಡಿ ದೂರದಿಂದಲೂ ಕಾಣುತ್ತದೆ. ಹಕ್ಕಿಗಳಿಗೆ ಕಾಣದೇ? ಕಾಣುತ್ತದೆ, ಕಾಣಲೆಂದೇ ಆ ಬಣ್ಣ. ಎಕ್ಕದ ಹಾಲಿನಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷಗಳಿವೆ. ಹುಳು ಎಲೆ ತಿನ್ನುವಾಗ ಆ ವಿಷದ ಒಂದಷ್ಟನ್ನು ಮೈಯಲ್ಲಿ ಇಟ್ಟುಕೊಳ್ಳುತ್ತದೆ, ತನಗೆ ಏನೂ ಆಗದ ಹಾಗೆ. ಅದನ್ನು ನುಂಗಿದ ಹಕ್ಕಿಗೆ ವಾಂತಿ. ಒಮ್ಮೆ ಅನುಭವಿಸಿದ ಹಕ್ಕಿ ಆ ಪಟ್ಟೆಯನ್ನು ಮರೆಯುವುದಿಲ್ಲ. ಗಿಡ ತನ್ನ ರಕ್ಷಣೆಗೆ ಕಟ್ಟಿಕೊಂಡ ಕೋಟೆಯೊಳಕ್ಕೆ ನುಸುಳಿ, ಅದನ್ನೇ ತನ್ನ ಕೋಟೆ ಮಾಡಿಕೊಂಡ ಜೀವ ಇದು.

ಸುಮಾರು ಎರಡು ವಾರ ಮೇದ ಮೇಲೆ ಹುಳು ತಲೆಕೆಳಗಾಗಿ ನೇತುಬಿದ್ದು ಪ್ಯೂಪಾ ಆಗುತ್ತದೆ. ತಿಳಿಹಸಿರಿನ, ಕೆಲವೊಮ್ಮೆ ನಸುಗೆಂಪಿನ ಒಂದು ಪುಟ್ಟ ಲೋಲಕ. ಅದರ ಸೊಂಟದ ಬಳಿ ಚಿನ್ನದ ಬೊಟ್ಟುಗಳು ಹೊಳೆಯುತ್ತವೆ. ಇನ್ನೊಂದು ಹತ್ತು ದಿನ, ಸೆಕೆಗಾಲವಾದರೆ ಅದಕ್ಕೂ ಬೇಗ, ಲೋಲಕ ಒಡೆದು ಚಿಟ್ಟೆ ಬರುತ್ತದೆ. ಕಿತ್ತಳೆಗಂದು ರೆಕ್ಕೆ, ಮುಂದಿನ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಪಟ್ಟಿ, ತಲೆ ಎದೆಗಳ ಮೇಲೆ ಕಪ್ಪಿನಲ್ಲಿ ಬಿಳಿ ಚುಕ್ಕಿ. ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಮಚ್ಚೆಯಿದ್ದರೆ ಹೆಣ್ಣು, ನಾಲ್ಕಿದ್ದರೆ ಗಂಡು. ಹಾರುವುದು ನಿಧಾನ. ಅವಸರವೇಕೆ? ತಿನ್ನುವವರು ಹೆಚ್ಚಿಲ್ಲ.

ಈ ಚಿಟ್ಟೆ ಆಫ್ರಿಕಾದಿಂದ ನಮ್ಮವರೆಗೂ ಹರಡಿದೆ. ಈಜಿಪ್ಟಿನ ನೆಬಾಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆಯಲ್ಲಿ ಸುಮಾರು 3,300 ವರ್ಷಗಳ ಹಿಂದೆ ಒಬ್ಬ ಕಲಾವಿದ ಇದನ್ನು ಬರೆದಿದ್ದಾನೆ. ಆ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ರೆಕ್ಕೆಯ ಗುರುತುಗಳನ್ನು ಆತ ಎಷ್ಟು ನಿಗಾ ಇಟ್ಟು ಬರೆದಿದ್ದಾನೆಂದರೆ ಇಂದಿಗೂ ಯಾವ ಚಿಟ್ಟೆ ಎಂದು ಹೆಸರು ಹಿಡಿದು ಹೇಳಬಹುದು.

ಪ್ಲೇನ್ ಟೈಗರಿನ ವೇಷ ಹಾಕುವವರೂ ಇದ್ದಾರೆ. ಡಾನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಹೆಚ್ಚುಕಡಿಮೆ ಇದರಂತೆಯೇ ಕಾಣುತ್ತದೆ. ಗಂಡು ಮಾತ್ರ ಬೇರೆ: ಕಪ್ಪು ರೆಕ್ಕೆ, ಅದರಲ್ಲಿ ನೀಲಿ ಅಂಚಿನ ಬಿಳಿ ಬಟ್ಟು. ಈ ಜಾತಿಯ ಮರಿಹುಳು ತಿನ್ನುವುದು ನಮ್ಮ ಸಾರಿಗೆ ಹಾಕುವ ಗೋಣಿಸೊಪ್ಪಿನಂಥ ಗಿಡಗಳನ್ನು. ಅದರ ಮೈಯಲ್ಲಿ ಎಕ್ಕದ ವಿಷ ಎಲ್ಲಿಂದ ಬರಬೇಕು? ಆದರೂ ಎಕ್ಕದ ಚಿಟ್ಟೆಯನ್ನು ತಿಂದು ಪಾಠ ಕಲಿತ ಹಕ್ಕಿ ಇದನ್ನೂ ಮುಟ್ಟುವುದಿಲ್ಲ. ಎಕ್ಕದ ಗಿಡವನ್ನು ತಮ್ಮ ಬಾಳಿನಲ್ಲಿ ಒಮ್ಮೆಯೂ ಕಚ್ಚದವರನ್ನು ಕೂಡ ಅದು ಕಾಯುತ್ತಿದೆ ನೋಡಿ.

ಇನ್ನು ಎಕ್ಕದ ಮಿಡತೆ. ಯಾರೋ ರಂಗು ಬಳಿದು ಬಿಟ್ಟಿದ್ದಾರೆ ಅನ್ನಿಸುವಂಥ ಹಳದಿ ಮತ್ತು ನೀಲಿ ಹಸಿರು ಪಟ್ಟೆ. ನಮ್ಮ ಮಿಡತೆಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಎಳೆಯದಾಗಿದ್ದಾಗ ಹಸಿರು ಮಿಶ್ರಿತ ಹಳದಿ ಮೈ, ಅದರ ಮೇಲೆ ಕಪ್ಪು ಗೆರೆ, ಕೆಂಪು ಚುಕ್ಕೆ. ಹಿಡಿಯಲು ಹೋದರೆ ಬೆನ್ನಿನಿಂದ ಪಿಚಕಾರಿಯಂತೆ ರಸ ಚಿಮ್ಮಿಸುತ್ತದೆ. ಆದ್ದರಿಂದ ನೋಡಿ ಖುಷಿಪಡುವುದಷ್ಟೇ.

ಎಳೆಯ ಚಿಗುರಿನ ಮೇಲೆ, ಮೊಗ್ಗಿನ ತೊಟ್ಟಿನ ಸುತ್ತ ರವೆ ಚೆಲ್ಲಿದಂತೆ ಹಳದಿ ಕಾಳುಗಳು ಕಂಡರೆ ಅವು ಗಿಡಹೇನು. ಕಾಲು ಕಪ್ಪು. ನಮ್ಮಂಥ ಬೆಚ್ಚಗಿನ ನಾಡಿನಲ್ಲಿ ಇವುಗಳಲ್ಲಿ ಎಲ್ಲವೂ ಹೆಣ್ಣೇ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತವೆ, ವಾರದೊಳಗೆ ಕೊಂಬೆ ತುಂಬುತ್ತದೆ. ಅವು ಬಂದ ಬೆನ್ನಿಗೇ ಕೆಂಪು ಬೆನ್ನಿಗೆ ಕಪ್ಪು ಚುಕ್ಕಿಯ ಗುಲಗಂಜಿ ಹುಳುಗಳು ಊಟಕ್ಕೆ ಹಾಜರು. ಗುಲಗಂಜಿ ಹುಳುವಿನ ಮರಿ ಪುಟ್ಟ ಮೊಸಳೆಯಂತಿರುತ್ತದೆ, ತಾಯಿಗಿಂತ ಹೊಟ್ಟೆಬಾಕ. ಇಲ್ಲಿ ಹೊಟ್ಟೆ ತುಂಬಿಸಿಕೊಂಡ ಹುಳು ಪಕ್ಕದ ತೊಗರಿ ಹೊಲಕ್ಕೋ ಕೈತೋಟಕ್ಕೋ ಹಾರಿ ಅಲ್ಲಿನ ಹೇನನ್ನೂ ತಿನ್ನುತ್ತದೆ. ಹೊಲದಲ್ಲಿ ಏನೂ ಇಲ್ಲದ ದಿನಗಳಲ್ಲಿ ಅದಕ್ಕೆ ಗಂಜಿಕೇಂದ್ರ ಬದುವಿನ ಈ ಎಕ್ಕ.

ಹೂವಿನೊಳಗೆ ಹೂವಿನದೇ ಬಣ್ಣಕ್ಕೆ ಹೊಂದಿಕೊಂಡು ಕೂತ ಏಡಿಜೇಡ, ಕೊಂಬೆಯ ತುದಿಯಲ್ಲಿ ಬಿಸಿಲು ಕಾಯಿಸುವ ಓತಿಕೇತ, ಬುಡದ ತರಗೆಲೆಯಡಿ ಸರಕ್ಕನೆ ಮಾಯವಾಗುವ ಹಾವುರಾಣಿ, ಬಿರಿದ ಕಾಯಿಯ ಬೀಜಕ್ಕೆ ಸೂಜಿಬಾಯಿ ಚುಚ್ಚುವ ಕೆಂಪು ಕಪ್ಪು ತಿಗಣೆಗಳು. ಎಲ್ಲರನ್ನೂ ವಿವರಿಸಲು ಹೊರಟರೆ ಬಸ್ಸು ತಪ್ಪುತ್ತದೆ.

ಒಂದು ಪ್ರಶ್ನೆ ನಿಮಗೆ ಬರಬಹುದು. ಸೈಟಿನ ಬೇಲಿಯಲ್ಲಿ ಲಂಟಾನವೂ ಇದೆಯಲ್ಲ, ಅದರ ಹೂವಿಗೂ ಚಿಟ್ಟೆ ಬರುತ್ತವಲ್ಲ, ಅದಿದ್ದರೆ ಸಾಲದೇ? ಲಂಟಾನ ಅಮೆರಿಕದ ಕಡೆಯಿಂದ ತಂದ ಗಿಡ. ಅದು ಚಿಟ್ಟೆಗೆ ಮಕರಂದ ಕೊಡುತ್ತದೆ, ನಿಜ. ಅದೊಂದು ಹೋಟೆಲ್ ಇದ್ದಂತೆ. ಆದರೆ ಪ್ಲೇನ್ ಟೈಗರ್ ಲಂಟಾನದ ಎಲೆಯ ಮೇಲೆ ಮೊಟ್ಟೆ ಇಡುವುದಿಲ್ಲ. ಅದರ ಮರಿಗೆ ಆ ಎಲೆ ಊಟವೇ ಅಲ್ಲ. ಎಕ್ಕ ಮತ್ತು ಅದರ ಹತ್ತಿರದ ನೆಂಟರಾದ ಹಾಲಿನ ಗಿಡಗಳೇ ಬೇಕು. ಈ ನೆಲದಲ್ಲೇ ಹುಟ್ಟಿ ಬೆಳೆದ ಗಿಡಕ್ಕೂ ಇಲ್ಲಿನ ಹುಳುಗಳಿಗೂ ಲಕ್ಷಾಂತರ ವರ್ಷಗಳ ಒಡನಾಟ. ಗಿಡ ಹಾಲು ತುಂಬಿಕೊಂಡಿತು, ಹುಳು ನರ ಕತ್ತರಿಸುವುದನ್ನು ರೂಢಿಸಿಕೊಂಡಿತು. ಅಂಥ ಒಡನಾಟ ನಿನ್ನೆ ಮೊನ್ನೆ ಬಂದ ಗಿಡದ ಜೊತೆ ಬೆಳೆಯುವುದಿಲ್ಲ. ಎಕ್ಕವೊಂದೇ ಇದ್ದರೂ ಸಾಲದು, ಅದೂ ಹೇಳಬೇಕು. ಗಂಡು ಪ್ಲೇನ್ ಟೈಗರ್ ಚಿಟ್ಟೆಗಳು ಹೆಣ್ಣನ್ನು ಒಲಿಸುವ ಪರಿಮಳ ತಯಾರಿಸಲು ಬೇಕಾದ ಸಾಮಾನನ್ನು ಬೇರೆ ಕಡೆಯಿಂದ ತರುತ್ತವೆ. ಚೇಳಿನ ಬಾಲದಂತೆ ಹೂದಂಡೆ ಸುರುಳಿ ಸುತ್ತಿದ ಚೇಳುಕೊಂಡಿ ಗಿಡ, ಒಣಗಿದ ಕಾಯಿ ಗೆಜ್ಜೆಯಂತೆ ಸದ್ದು ಮಾಡುವ ಗಿಲಿಗಿಚ್ಚಿ ಗಿಡ, ಇವುಗಳ ಒಣಗಿದ ಭಾಗಗಳಿಗೆ ಮುತ್ತಿ ರಸ ಹೀರುತ್ತವೆ. ಅವೂ ನಮ್ಮ ಲೆಕ್ಕದಲ್ಲಿ ಕಳೆಗಳೇ.

ಹೋದ ಬೇಸಿಗೆಯಲ್ಲಿ ಸೈಟಿಗೆ ಜೆಸಿಬಿ ಬಂತು. ಸಂಜೆ ನಾನು ಬಸ್ಸಿಳಿದು ಬರುವಾಗ ನೆಲ ಚೊಕ್ಕಟವಾಗಿತ್ತು. ಮೂಲೆಯಲ್ಲಿ ಎಕ್ಕದ ಕೊಂಬೆಗಳ ರಾಶಿ, ಮುರಿದಲ್ಲೆಲ್ಲ ಹಾಲು ಹೆಪ್ಪುಗಟ್ಟಿತ್ತು. ಬೆಳಿಗ್ಗೆ ಅದರಲ್ಲಿ ಐದು ಹುಳು, ಎರಡು ಪ್ಯೂಪಾ ಎಣಿಸಿದ್ದೆ. ರಾಶಿಯಲ್ಲಿ ಹುಡುಕಿದಾಗ ಮೂರು ಹುಳು ಸಿಕ್ಕವು. ಕೆರೆ ಏರಿಯ ಮೇಲಿನ ಇನ್ನೊಂದು ಎಕ್ಕಕ್ಕೆ ಒಯ್ದು ಬಿಟ್ಟೆ. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಆಮೇಲೆ ಮನೆ ಕಟ್ಟುವ ಕೆಲಸ ಯಾಕೋ ನಿಂತಿತು, ಮಳೆ ಬಿತ್ತು. ಬೇರು ನೆಲದಲ್ಲೇ ಉಳಿದಿತ್ತು. ಎಕ್ಕ ಅಷ್ಟು ಸುಲಭಕ್ಕೆ ಸೋಲುವ ಗಿಡವಲ್ಲ. ಬುಡದಿಂದ ನಾಲ್ಕು ಚಿಗುರು ಒಟ್ಟಿಗೆ ಎದ್ದವು. ಈಗ ಮತ್ತೆ ನನ್ನ ಸೊಂಟದೆತ್ತರ ಇದೆ.

ಗಿಡ ಹೋಗುವ ಮುಂಚೆ ಒಂದು ಕಾಯಿ ಬಲಿತು ಬಿರಿದಿತ್ತು. ಎಕ್ಕದ ಕಾಯಿ ಬಿರಿಯುವುದನ್ನು ನೀವು ನೋಡಬೇಕು. ಹಸಿರು ದೋಣಿ ಒಂದು ಬದಿಯಲ್ಲಿ ಬಾಯಿ ಬಿಡುತ್ತದೆ. ಒಳಗೆ ಮೀನಿನ ಪೊರೆಯಂತೆ ಸಾಲುಸಾಲಾಗಿ ಕಂದು ಬೀಜಗಳು, ಪ್ರತಿ ಬೀಜಕ್ಕೂ ಬಾಚಿ ಕಟ್ಟಿದಂತೆ ರೇಷ್ಮೆಯ ಜುಟ್ಟು. ಬಿಸಿಲು ತಾಗಿದಂತೆ ಜುಟ್ಟು ಕೆದರಿ ದುಂಡಗಾಗುತ್ತದೆ, ಗಾಳಿ ಬೀಸಿದರೆ ಹೊರಟಿತು. ನಾವು ಅದನ್ನು ಅಜ್ಜನ ಗಡ್ಡ ಎನ್ನುತ್ತಿದ್ದೆವು. ಅಂಗೈ ಮೇಲಿಟ್ಟು ಉಫ್ ಎಂದು ಊದಿ, ಅದು ಕಣ್ಮರೆಯಾಗುವವರೆಗೂ ಓಡುತ್ತಿದ್ದೆವು.

ಆ ರೇಷ್ಮೆಗೆ ಇನ್ನೊಂದು ಗಿರಾಕಿ ಇದೆ. ನಮ್ಮ ಮನೆಯ ಹಿಂದಿನ ದಾಳಿಂಬೆ ಕೊಂಬೆಗೆ ಹಳದಿ ಹೊಟ್ಟೆಯ ಸೂರಕ್ಕಿ ಗೂಡು ಕಟ್ಟಿತ್ತು. ಹೊರಗಡೆ ಜೇಡರ ಬಲೆ, ತೊಗಟೆಯ ಚೂರು, ಕಸಕಡ್ಡಿ. ದೂರದಿಂದ ನೋಡಿದರೆ ಏನೋ ಕಸ ಜೋತುಬಿದ್ದಿದೆ ಅನ್ನಬೇಕು. ಒಳಗಿನ ಹಾಸಿಗೆಗೆ ಮಾತ್ರ ಹೆಣ್ಣು ಹಕ್ಕಿ ಸೈಟಿನ ಕಡೆಯಿಂದ ಬಿಳಿ ನೂಲು ಕಚ್ಚಿಕೊಂಡು ಬರುತ್ತಿತ್ತು. ಸೂರಕ್ಕಿಗಳು ಎಕ್ಕದ ಬೀಜದ ರೇಷ್ಮೆಯನ್ನು ಗೂಡಿನೊಳಗೆ ಹಾಸುವುದು ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಸಂಗತಿ. ನನಗೆ ಅದು ಕಿಟಕಿಯ ಆಚೆಗೇ ಕಾಣಸಿಕ್ಕಿತು. ಎರಡು ಮರಿಗಳು ಆ ಹಾಸಿಗೆಯಲ್ಲಿ ಬೆಳೆದು ಹಾರಿಹೋದವು.

ಶ್ರಾವಣದ ಗಾಳಿಗೆ ಖಾಲಿ ಗೂಡು ಕಳಚಿ ಬಿತ್ತು. ಎತ್ತಿಕೊಂಡು ಬಿಡಿಸಿ ನೋಡಿದೆ. ಒತ್ತಿ ಒತ್ತಿ ಚಪ್ಪಟೆಯಾಗಿದ್ದ ರೇಷ್ಮೆಯ ನಡುವೆ ಒಂದು ಕಂದು ಬೀಜ ಇನ್ನೂ ಅಂಟಿಕೊಂಡಿತ್ತು. ಹಕ್ಕಿ ಜುಟ್ಟಿನ ಜೊತೆ ಅದನ್ನೂ ತಂದುಬಿಟ್ಟಿತ್ತು. ಕುಂಡದ ಮಣ್ಣಿನಲ್ಲಿ ಮೇಲೆಮೇಲೆ ಊರಿ ನೀರು ಚಿಮುಕಿಸಿದೆ. ಮೊದಲು ಎರಡು ಎಲೆ ಬಂದವು, ಎದುರುಬದುರಾಗಿ. ನಿನ್ನೆ ಬೆಳಿಗ್ಗೆ ಅವುಗಳ ಮೇಲೆ ಇನ್ನೆರಡು ಬಿಚ್ಚಿಕೊಂಡಿವೆ, ಅಡ್ಡಲಾಗಿ.